ಕೈಯಿಂದ ತಿರುಗಿಸಿದರೆ ಇಡೀ ಮನೆಗೆ ಕರೆಂಟ್? ಸತ್ಯಾಂಶ ಇಲ್ಲಿದೆ

ಮಳೆಗಾಲದಲ್ಲಿ ನಮ್ಮ ಬದಿಯಡ್ಕ, ಮುಳ್ಳೇರಿಯ ಕಡೆ ತಂತಿ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಹೊಸದಲ್ಲ. ಆಗ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬರುತ್ತದೆ. ಹಳೇ ಮೋಟರಿಗೆ ಹಿಡಿ ಜೋಡಿಸಿ ಕೈಯಿಂದ ತಿರುಗಿಸಿದರೆ ಫ್ರಿಜ್, ಫ್ಯಾನ್, ಪಂಪು ಎಲ್ಲ ಓಡುತ್ತದಂತೆ.

ಓಡುವುದಿಲ್ಲ. ಕೈಯಿಂದ ಕರೆಂಟ್ ಬರುವುದು ನಿಜ, ಆದರೆ ಎಷ್ಟು? ಗಟ್ಟಿಮುಟ್ಟಾದವರು ಬಿಡದೆ ತಿರುಗಿಸಿದರೂ ಹೆಚ್ಚೆಂದರೆ 50 ವಾಟ್ ಆಸುಪಾಸು. ಒಂದು ಯೂನಿಟ್ ಅಂದರೆ 1000 ವಾಟ್ ಒಂದು ಗಂಟೆ. ಅಷ್ಟಕ್ಕೆ 20 ಗಂಟೆ ತಿರುಗಿಸಬೇಕು! ತೋಟದ ಒಂದು ಎಚ್‌ಪಿ ಪಂಪಿಗೆ 746 ವಾಟ್‌ಗಿಂತ ಜಾಸ್ತಿಯೇ ಬೇಕು.

ಹಳೇ ಸೈಕಲ್ ಡೈನಮೋ ನೆನಪಿದೆಯಾ? ಅದು ಕೊಡುತ್ತಿದ್ದದ್ದು ಸುಮಾರು 3 ವಾಟ್. ಅಷ್ಟಕ್ಕೇ ಪೆಡಲ್ ಭಾರವಾಗುತ್ತಿತ್ತು, ಅಲ್ವಾ? ದೀಪಕ್ಕೆ ಹೋದ ಶಕ್ತಿಯೆಲ್ಲ ನಮ್ಮ ಕಾಲಿನದೇ. ಆದ್ದರಿಂದ ಇಂಥ ವಿಡಿಯೋದಲ್ಲಿ ಸಾಲು ಬಲ್ಬು ಹತ್ತಿದರೂ ಹಿಡಿ ಹಗುರಾಗಿ ತಿರುಗುತ್ತಿದ್ದರೆ ಸಂಶಯಪಡಿ. ಅವು ಎಮರ್ಜೆನ್ಸಿ ಬಲ್ಬುಗಳಾಗಿರಬಹುದು. ಅಂಥ ಬಲ್ಬಿನೊಳಗೇ ಬ್ಯಾಟರಿ ಇರುತ್ತದೆ, ಅದು ಒದ್ದೆ ಬೆರಳು ತಾಗಿಸಿದರೂ ಹತ್ತುತ್ತದೆ. ಭಾರದ ಗಾಲಿ ಜೋಡಿಸಿದರೂ ಅಷ್ಟೇ. ನಾವು ಕೊಟ್ಟ ಶಕ್ತಿಯನ್ನು ಅದು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ.

ಹಾಗಂತ ಕೈ ಚಾರ್ಜರ್ ಸುಳ್ಳಲ್ಲ. ರೇಡಿಯೋ, ಸಣ್ಣ ಎಲ್‌ಇಡಿ, ತುರ್ತಿಗೆ ಮೊಬೈಲ್, ಇಷ್ಟಕ್ಕೆ ಖಂಡಿತ ಉಪಯೋಗ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಯಾವ ಜನರೇಟರನ್ನೂ ಸುಮ್ನೆ ಮನೆಯ ಪ್ಲಗ್‌ಗೆ ಚುಚ್ಚಬೇಡಿ. ಕರೆಂಟ್ ಹಿಂದಕ್ಕೆ ಹರಿದು, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯವಾಗಬಹುದು.