ಡಿಜೆಗಳಿಗೂ ಒಂದು ಪತ್ತನಾಜೆ ಬೇಕೇ?

ಪರ: ಬೇಕು, ಗೆಜ್ಜೆ ಬಿಚ್ಚುವ ದಿನ ಇರಲೇಬೇಕು

ಕರಾವಳಿಯ ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟ ಶುರು ಮಾಡುತ್ತವೆ. ದಿನಾ ಬೇರೆ ಊರು, ದಿನಾ ಬಣ್ಣ, ದಿನಾ ನಿದ್ದೆಗೇಡು. ಆದರೆ ಮೇ ಕೊನೆಯ ಹೊತ್ತಿಗೆ ಪತ್ತನಾಜೆ, ಅಂದರೆ ತಿರುಗಾಟ ಮುಗಿಸುವ ದಿನ, ಬರುತ್ತದೆ. ಗೆಜ್ಜೆ ಬಿಚ್ಚಿ ಮನೆಗೆ ಹೋಗುತ್ತಾರೆ. ಎಷ್ಟೇ ಹೆಸರು ಮಾಡಿದ ವೇಷಧಾರಿಯಾದರೂ ಅಷ್ಟೇ.

ವೇದಿಕೆ ಮೇಲೆ ಹಾಡುಗಳನ್ನು ಬೆರೆಸಿ ಕುಣಿಸುವ ಡಿಜೆಗೆ ಆ ದಿನವೇ ಬರುವುದಿಲ್ಲ. ಯುರೋಪಿನ ಬೇಸಿಗೆ ಮುಗಿದರೆ ಇನ್ನೊಂದು ಕಡೆ ಸೀಸನ್ ಶುರು. ಬ್ಯಾಂಡ್ ಆದರೆ ನಾಲ್ಕು ಜನ, ಡ್ರಮ್ಸು, ಆಂಪು, ಲಾರಿ ಎಲ್ಲ ಬೇಕು. ಅವನ್ನು ಸಾಗಿಸುವ ಹೊತ್ತಿನಲ್ಲಾದರೂ ಸ್ವಲ್ಪ ಉಸಿರಾಡಬಹುದು. ಡಿಜೆಗೆ ಒಂದು ಪೆನ್ ಡ್ರೈವ್, ಒಂದು ಹೆಡ್‌ಫೋನ್ ಸಾಕು. ಅದಕ್ಕೇ ಇವತ್ತು ಒಂದು ದೇಶ, ನಾಳೆ ಇನ್ನೊಂದು. ಈ ಸಲೀಸೇ ಮನುಷ್ಯನನ್ನು ತಿನ್ನುತ್ತದೆ.

ಅವೀಚಿ ಎಂದು ಜಗತ್ತಿಗೆ ಗೊತ್ತಿದ್ದ ಸ್ವೀಡನ್ನಿನ ಡಿಜೆ ಟಿಮ್ ಬರ್ಗ್‌ಲಿಂಗ್ ಕೆಲವೇ ವರ್ಷಗಳಲ್ಲಿ ಸುಮಾರು 800 ಶೋ ಕೊಟ್ಟ. ವಿಪರೀತ ನಾಚಿಕೆಯ ಹುಡುಗ. ವೇದಿಕೆ ಹತ್ತಲು ಧೈರ್ಯ ಬೇಕೆಂದು ಕುಡಿಯುತ್ತಿದ್ದ. 2012ರಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದ. 2014ರಲ್ಲಿ ಪಿತ್ತಕೋಶ ಮತ್ತು ಅಪೆಂಡಿಕ್ಸ್ ತೆಗೆದರು. ಆಮೇಲೂ ಶೋಗಳು ನಡೆದವು! 2016ರಲ್ಲಿ ಅವನೇ ಸಾಕು ಎಂದು ಹೇಳಿ ನಿಲ್ಲಿಸಿದ. 2018ರ ಏಪ್ರಿಲ್ 20ರಂದು ಮಸ್ಕತ್‌ನಲ್ಲಿ ತೀರಿಕೊಂಡಾಗ ಅವನಿಗಿನ್ನೂ 28. ಅವೀಚಿ ಎನ್ನುವುದು ಬೌದ್ಧರ ನರಕವೊಂದರ ಹೆಸರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಾಕು ಎನ್ನುವ ಮಾತನ್ನು ಸುಸ್ತಾದವನ ಬಾಯಿಂದಲೇ ಕೇಳಬೇಕೆಂದು ಕಾಯುವುದು ತಪ್ಪು. ಟಿಕೆಟ್ ಮಾರಾಟವಾಗಿದೆ, ಮ್ಯಾನೇಜರ್ ಇದ್ದಾನೆ, ಹತ್ತಾರು ಜನರ ಸಂಬಳ ಅವನ ಮೇಲಿದೆ. ಆಗಲ್ಲ ಎಂದು ಹೇಗೆ ಹೇಳುತ್ತಾನೆ? ಮೇಳದಲ್ಲಿ ಆ ಮಾತನ್ನು ಪಂಚಾಂಗ ಹೇಳುತ್ತದೆ. ಇಲ್ಲಿ ಬುಕಿಂಗ್ ಒಪ್ಪಂದದಲ್ಲೇ ಬರೆದಿಡಬೇಕು: ವರ್ಷಕ್ಕೆ ಇಷ್ಟು ಶೋ, ನಡುವೆ ಎರಡು ತಿಂಗಳು ಪೂರ್ತಿ ರಜೆ.

ವಿರೋಧ: ಮಿತಿ ಬೇಡ, ಮೊದಲು ದುಡ್ಡು ಕೊಡಿ

ಪತ್ತನಾಜೆಯ ಮಾತು ಚೆಂದ. ಆದರೆ ಗೆಜ್ಜೆ ಬಿಚ್ಚಿದ ಮೇಲೆ ಏನಾಗುತ್ತದೆ, ನೋಡಿದ್ದೀರಾ? ಎಷ್ಟೋ ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮಳೆಯಲ್ಲೇ ಮನೆಮನೆಗೆ ಹೋಗುತ್ತಾರೆ. ಇನ್ನು ಕೆಲವರು ನಮ್ಮ ಬೆಂಗಳೂರಿಗೇ ಮಳೆಗಾಲದ ಯಕ್ಷಗಾನ ಆಟಕ್ಕೆ ಬರುತ್ತಾರೆ. ಸಂಬಳವಿಲ್ಲದ ರಜೆಯಲ್ಲಿ ಹೊಟ್ಟೆ ಸುಮ್ನೆ ಕೂರುವುದಿಲ್ಲ, ಅಲ್ವಾ?

ನನ್ನ ತಮ್ಮ ಡಿಜೆ. ಹಗಲು ಔಟರ್ ರಿಂಗ್ ರೋಡಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶುಕ್ರವಾರ, ಶನಿವಾರ ಇಂದಿರಾನಗರ, ಕೋರಮಂಗಲದ ಪಬ್‌ಗಳಲ್ಲಿ ಸೆಟ್. ರಾತ್ರಿ ಒಂದಕ್ಕೆ ಪಬ್ ಮುಚ್ಚಿದ ಮೇಲೆ ಮನೆ ಸೇರಿ, ಮಲಗುವ ಮುಂಚೆ ರೀಲ್ಸ್ ಎಡಿಟ್ ಮಾಡುತ್ತಾನೆ. ಹಾಕದಿದ್ದರೆ ಮುಂದಿನ ವಾರ ಕರೆಯುವುದಿಲ್ಲವಂತೆ. ಅವನಿಗೆ ಶೋ ಜಾಸ್ತಿಯಾಗಿ ಸುಸ್ತಾಗಿಲ್ಲ. ಶೋ ಸಾಲದೆ ಎರಡು ಕೆಲಸ ಮಾಡಿ ಸುಸ್ತಾಗಿದೆ. ಅವನಿಗೆ ಮಿತಿ ಹಾಕಿದರೆ ಸಂಗೀತವೇ ನಿಲ್ಲುತ್ತದೆ.

ಅವೀಚಿಯ ಕಥೆ ನನಗೂ ನೋವು ಕೊಡುತ್ತದೆ. ಆದರೆ ಅದು ತುದಿಗೆ ಹತ್ತಿದವನ ಕಥೆ. ಮೆಟ್ಟಿಲ ಬುಡದಲ್ಲಿರುವವರಿಗೆ ಬೇಕಾದ್ದೇ ಬೇರೆ. ಶೋ ಮುಗಿದ ರಾತ್ರಿಯೇ ಪೇಮೆಂಟ್ ಬರಬೇಕು. ಜ್ವರ ಬಂದು ರದ್ದಾದರೆ ಅಡ್ವಾನ್ಸ್ ವಾಪಸ್ ಕೇಳಬಾರದು. ಮನಸ್ಸು ಕುಸಿದರೆ ಯಾರನ್ನು ಕೇಳಬೇಕು ಎಂದು ಗೊತ್ತಿರಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416. ನಡುರಾತ್ರಿಯಲ್ಲೂ ಫೋನ್ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಡಿಜೆ ಕನ್ಸೋಲ್ ಪಕ್ಕದ ಗೋಡೆಗೆ ಅಂಟಿಸಿದ ಪಬ್ ಒಂದನ್ನೂ ನಾನು ನೋಡಿಲ್ಲ.

ನಾಳೆ ಶನಿವಾರ. ತಮ್ಮನಿಗೆ ಎರಡು ದಿನದಿಂದ ಜ್ವರ. ಹೋಗಬೇಡ ಎಂದೆ. "ಅಕ್ಕಾ, ಹೋದ ತಿಂಗಳ ಎರಡು ಶೋ ದುಡ್ಡು ಅವರಿಂದ ಇನ್ನೂ ಬರಬೇಕು" ಎಂದ.