ಗೆಳತಿ ಬಂದರೆ ಅಡುಗೆಮನೆ ಯಾಕೆ?

"ಭಾನುವಾರ ಹನ್ನೊಂದಕ್ಕೆ ಬ್ರಂಚ್‌ಗೆ ಸಿಗೋಣ್ವಾ?" ನ್ಯೂಯಾರ್ಕಿನಲ್ಲಿ ಇಬ್ಬರು ಗೆಳತಿಯರು ಭೇಟಿಯಾಗಬೇಕು ಅಂದರೆ ಸಾಮಾನ್ಯವಾಗಿ ಮಾತು ಶುರುವಾಗುವುದೇ ಹೀಗೆ. ಬ್ರಂಚ್ ಅಂದರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಸೇರಿ ಒಂದೇ ಸಲ ತಿನ್ನುವುದು. ಮನೆಗೆ ಬಾ ಅನ್ನುವುದು ಕಡಿಮೆ. ಊರಿನಿಂದ ಬಂದ ನಮ್ಮವರಲ್ಲಿ ಹಲವರಿಗೆ ಇದು ಒಗ್ಗುವುದಿಲ್ಲ. ಮನೆ ಇಟ್ಟುಕೊಂಡು ಹೋಟೆಲಿಗೆ ಕರೀತಾರಲ್ಲ, ಇದೆಂಥ ಸ್ನೇಹ ಅಂತಾರೆ. ನನಗೆ ಮಾತ್ರ ಈ ಪದ್ಧತಿ ತುಂಬಾ ಇಷ್ಟ. ನಮ್ಮ ಕಡೆಯ ಹೆಂಗಸರಿಗಂತೂ ಇದು ಬೇಕೇ ಬೇಕು.

ಬ್ರಂಚ್ ಮೂಲದಲ್ಲಿ ಅಮೆರಿಕದ್ದಲ್ಲ. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಬರಹಗಾರ 'ಹಂಟರ್ಸ್ ವೀಕ್ಲಿ' ಪತ್ರಿಕೆಯಲ್ಲಿ ಇದರ ಪರವಾಗಿ ಬರೆದ. ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ಬೇಗ ಏಳಬೇಕಿಲ್ಲ, ಮಧ್ಯಾಹ್ನದ ಭಾರಿ ಊಟವೂ ಬೇಡ, ನಿಧಾನವಾಗಿ ಎದ್ದು ಒಂದೇ ಸಲ ತಿನ್ನಲಿ ಅನ್ನುವುದು ಅವನ ವಾದ. ಜೊತೆಗೆ, ಈ ಹೊತ್ತಿನ ಊಟ ಜನರನ್ನು ಮಾತಿಗೆ ಎಳೆಯುತ್ತದೆ ಎಂದೂ ಹೇಳಿದ್ದ. ನನಗೆ ಮುಖ್ಯ ಅನಿಸುವುದು ಅದೇ. ನ್ಯೂಯಾರ್ಕಿನವರು ಇದನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಅಂದರೆ, ಭಾನುವಾರ ಮಧ್ಯಾಹ್ನ 12ರ ಮುಂಚೆ ಹೋಟೆಲುಗಳಲ್ಲಿ ಮದ್ಯ ಕೊಡಬಾರದು ಎಂಬ ಹಳೆಯ ಕಾನೂನನ್ನು 2016ರಲ್ಲಿ ತಿದ್ದಿ 10 ಗಂಟೆಗೆ ತಂದರು. ಬ್ರಂಚ್ ಮಸೂದೆ ಎಂದೇ ಅದಕ್ಕೆ ಹೆಸರಾಯಿತು. ನನಗೆ ಅದರ ಉಪಯೋಗ ಇಲ್ಲ, ಕಾಫಿ ಸಾಕು.

ಈಗ ನಮ್ಮಲ್ಲಿ ಗೆಳತಿ ಮನೆಗೆ ಬಂದಾಗ ಏನಾಗುತ್ತದೆ ನೋಡಿ. ಬಂದವಳನ್ನು ಹಾಲ್‌ನಲ್ಲಿ ಕೂರಿಸಿ ಮನೆಯಾಕೆ ಒಳಗೆ ಓಡುತ್ತಾಳೆ. "ಹೇಳ್ತಾ ಇರು, ಕೇಳಿಸ್ಕೊಳ್ತಿದ್ದೀನಿ" ಅಂತ ಅಲ್ಲಿಂದಲೇ ಕೂಗು. ಒಗ್ಗರಣೆ ಸದ್ದಿನಲ್ಲಿ ಏನು ಕೇಳಿಸೀತು? ಕೊನೆಗೆ ಗೆಳತಿಯೇ ಎದ್ದು ಹೋಗಿ ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. ಮಾತು ಸ್ವಲ್ಪ ಆಳಕ್ಕೆ ಇಳಿಯುವಷ್ಟರಲ್ಲಿ "ಇರು, ಹಾಲು ಉಕ್ತಿದೆ". ಬಡಿಸುವಾಗ "ಏನೂ ತಿಂದೇ ಇಲ್ಲ ನೀನು, ಇನ್ನೊಂದು ಹಾಕ್ಕೋ". ಅವಳದ್ದು ಆದ ಮೇಲೆ ಇವಳ ಊಟ. ಅಷ್ಟರಲ್ಲಿ ಹೊರಡುವ ಹೊತ್ತು. ಕುಂಕುಮ ಕೊಟ್ಟು ಗೇಟಿನ ತನಕ ಬಂದಾಗ ನಿಜವಾದ ವಿಷಯ ಬಾಯಿಗೆ ಬರುತ್ತದೆ. ನಮ್ಮಮ್ಮ ಮತ್ತು ಅವರ ಗೆಳತಿಯರು ಮುಖ್ಯವಾದದ್ದೆಲ್ಲ ಮಾತಾಡಿದ್ದು ಗೇಟಿನ ಹತ್ತಿರ, ಆಟೋ ಕಾಯುತ್ತಾ. ಮಗಳ ಮದುವೆ, ಗಂಡನ ಸಾಲ, ಡಾಕ್ಟರು ಹೇಳಿದ್ದು, ಎಲ್ಲವೂ ಅಲ್ಲೇ. ಇಡೀ ಮಧ್ಯಾಹ್ನ ಸತ್ಕಾರಕ್ಕೆ ಹೋಗುತ್ತಿತ್ತು. ಸ್ನೇಹಕ್ಕೆ ಉಳಿದದ್ದು ಐದು ನಿಮಿಷ.

ಹೋಟೆಲಿಗೆ ಹೋದರೂ ಅಷ್ಟೇ. ದರ್ಶಿನಿಯಲ್ಲಿ ನಿಂತೇ ತಿನ್ನಬೇಕು. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿ ಕೈ ತುಂಬ ದೋಸೆ ತಟ್ಟೆ ಪೇರಿಸಿಕೊಂಡು ಬರುವವರನ್ನು ನೋಡುವುದೇ ಒಂದು ಸಂತೋಷ. ಆದರೆ ಹೊರಗೆ ಕಾಯುವವರ ಮುಖ ನೋಡಿದರೆ ಬೇಗ ಏಳಬೇಕು ಅನಿಸುತ್ತದೆ. ಬೈಟು ಕಾಫಿಯಲ್ಲಿ ಸ್ನೇಹ ಇದೆ, ಇಲ್ಲ ಅನ್ನಲ್ಲ. ಒಂದು ಗಂಟೆ ಬೇಕಾಗುವ ಮಾತಿಗೆ ಅಲ್ಲಿ ಜಾಗ ಇಲ್ಲ.

ಮೊನ್ನೆ ಒಂದು ಭಾನುವಾರ ಮ್ಯಾನ್‌ಹಟನ್‌ನಲ್ಲಿ ಗೆಳತಿಯೊಬ್ಬಳ ಜೊತೆ ಕೂತಿದ್ದೆ. ಸ್ವಲ್ಪ ದುಬಾರಿ ಜಾಗವೇ. ಬಿಳಿ ಬಟ್ಟೆ ಹಾಸಿದ ಮೇಜು, ಮೇಜುಗಳ ನಡುವೆ ಸಾಕಷ್ಟು ಅಂತರ. ಅವಳು ಹೇಳಿದ್ದು ಎಗ್ಸ್ ಫ್ಲೋರೆಂಟೈನ್. ಸೀಳಿ ಬಿಸಿ ಮಾಡಿದ ಮಫಿನ್ (ಸಿಹಿ ಕೇಕ್ ಅಲ್ಲ, ಚಪ್ಪಟೆ ಬನ್ನು) ಮೇಲೆ ಬಾಡಿಸಿದ ಪಾಲಕ್, ಅದರ ಮೇಲೆ ಬಿಸಿನೀರಿಗೆ ಒಡೆದು ಬೇಯಿಸಿದ ಮೊಟ್ಟೆ, ಅದಕ್ಕೂ ಮೇಲೆ ಬೆಣ್ಣೆ, ಮೊಟ್ಟೆಯ ಹಳದಿ, ನಿಂಬೆರಸ ಸೇರಿಸಿ ಕಡೆದ ಹಾಲಂಡೇಸ್ ಸಾಸ್. ಚಾಕು ತಾಕಿಸಿದರೆ ಹಳದಿ ಹರಿದು ಮಫಿನ್‌ಗೆ ಇಳಿಯುತ್ತದೆ. ಅವಳು ಅರ್ಧ ತಿಂದು ಚಾಕು ಕೆಳಗಿಟ್ಟಳು. ಶಿವಮೊಗ್ಗದಲ್ಲಿರುವ ಅವಳ ಅಪ್ಪನಿಗೆ ಮರೆವು ಶುರುವಾಗಿದೆ. ಫೋನಿನಲ್ಲಿ ಇವಳ ಗುರುತು ಒಂದೊಂದು ದಿನ ಹತ್ತುವುದಿಲ್ಲ. ಹೇಳುತ್ತಾ ನಿಲ್ಲಿಸುವಳು, ಕಿಟಕಿ ನೋಡುವಳು, ಮತ್ತೆ ಹೇಳುವಳು. ಬಡಿಸುವವಳು ಸದ್ದಿಲ್ಲದೆ ಬಂದು ಕಾಫಿ ತುಂಬಿಸಿ ಹೋದಳು. ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಕೇಳುವುದೊಂದೇ ಕೆಲಸ. ನನ್ನ ಮನೆಯಲ್ಲಾಗಿದ್ದರೆ ಅವಳು ಇದನ್ನು ಹೇಳುತ್ತಿರಲಿಲ್ಲ, ನಾನು ಹೇಳುವುದಕ್ಕೆ ಬಿಡುತ್ತಲೂ ಇರಲಿಲ್ಲ.

ಇಲ್ಲಿನದೆಲ್ಲ ಒಳ್ಳೆಯದು ಅನ್ನುತ್ತಿಲ್ಲ. ಭೇಟಿಗೆ ವಾರಗಟ್ಟಲೆ ಮುಂಚೆ ದಿನ ಗೊತ್ತು ಮಾಡಬೇಕು, ಅದು ಬೇಜಾರು. ಬಿಲ್ಲನ್ನು ಸೆಂಟು ಸೆಂಟಿಗೆ ಹಂಚಿಕೊಳ್ಳುವುದು ನನಗೆ ಆಗುವುದೇ ಇಲ್ಲ. "ಈ ಸಲ ನಂದು, ಮುಂದಿನ ಸಲ ನಿಂದು" ಅನ್ನುವ ನಮ್ಮ ರೀತಿಯೇ ಚೆಂದ, ಮುಂದಿನ ಭೇಟಿಯೂ ಅದರಲ್ಲೇ ನಿಶ್ಚಯವಾಗುತ್ತದೆ. ಟಿಪ್ಸ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನ್ಯೂಯಾರ್ಕ್ ನಗರದಲ್ಲಿ ಮಾರಾಟ ತೆರಿಗೆ 8.875 ಪರ್ಸೆಂಟ್. ಅದರ ಎರಡರಷ್ಟು ಟಿಪ್ಸ್ ಕೊಡುವುದು ಇಲ್ಲಿನ ಸುಲಭದ ಲೆಕ್ಕ. ನಾನು ಅದಕ್ಕಿಂತ ಜಾಸ್ತಿಯೇ ಇಡುತ್ತೇನೆ. ಬಡಿಸುವವರ ಸಂಪಾದನೆಯಲ್ಲಿ ದೊಡ್ಡ ಪಾಲು ಇದೇ, ನಾವು ಆರಾಮಾಗಿ ಕೂತ ಅಷ್ಟೂ ಹೊತ್ತು ಅವರು ನಿಂತೇ ಇರುತ್ತಾರೆ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲೂ ಈಗ ಭಾನುವಾರದ ಬ್ರಂಚ್ ಇದೆ, ಆದರೆ ಹೆಚ್ಚಾಗಿ ಬಫೆ. ತಟ್ಟೆ ಹಿಡಿದು ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಕೊಟ್ಟ ದುಡ್ಡಿಗೆ ತಿನ್ನಬೇಕಲ್ಲ ಅನ್ನುವ ಅವಸರ ಬೇರೆ. ನಾನು ಹೇಳುತ್ತಿರುವುದು ಅದಲ್ಲ. ದುಬಾರಿ ಜಾಗವೇ ಆಗಬೇಕೆಂದೂ ಇಲ್ಲ. ಕೂರಲು ಕುರ್ಚಿ ಇರಬೇಕು, ಏಳಿ ಅನ್ನುವವರು ಇರಬಾರದು, ಇಬ್ಬರಲ್ಲಿ ಒಬ್ಬಳೂ ಬಡಿಸುತ್ತಿರಬಾರದು.

ಊರಿಗೆ ಹೋದಾಗ ಅಕ್ಕನನ್ನು ಹೀಗೇ ಹೊರಗೆ ಕರೆದುಕೊಂಡು ಹೋಗುತ್ತೇನೆ. "ಇರೇ, ಅನ್ನ ಸಾರು ಮಾಡಿಟ್ಟು ಬರ್ತೀನಿ" ಅನ್ನುತ್ತಾಳೆ ಪ್ರತಿ ಸಲ. ಬೇಡ ಕಣೇ, ಹಾಗೇ ಬಾ. ಅನ್ನ ಸಾರು ಭಾವ ಮಾಡಿಕೊಳ್ಳಲಿ.