ಪಾಯಸದಲ್ಲಿ ಏನಿದೆ?

ನಿನ್ನೆ ರಾತ್ರಿ ಶ್ಯಾವಿಗೆ ಪಾಯಸ ಮಾಡಿ ಅತ್ತೆಗೆ ಲೋಟದಲ್ಲಿ ಕೊಟ್ಟೆ. ಲೋಟ ಮೂಗಿನ ಹತ್ತಿರ ಹಿಡಿದರು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಟೀವಿ ನೋಡಿದರು. ಅಲ್ಲಿ ಧಾರಾವಾಹಿಯಲ್ಲಿ, ಅಡುಗೆಮನೆಯಲ್ಲೂ ರೇಷ್ಮೆ ಸೀರೆ ಉಟ್ಟ ಕಿರಿ ಸೊಸೆ ಹಾಲಿಗೆ ಅದೇನೋ ಪುಡಿ ಬೆರೆಸಿ ಹುಬ್ಬು ಹಾರಿಸುತ್ತಿದ್ದಳು. ಅದೇ ಹುಬ್ಬನ್ನು ಮೂರು ಕಡೆಯಿಂದ ತೋರಿಸಿದರು, ಗುಡುಗಿನ ಸದ್ದಿನ ಸಮೇತ. ಅತ್ತೆ ಲೋಟವನ್ನು ನನ್ನ ಕಡೆಗೇ ಚಾಚಿದರು. "ನೀನೊಂದು ಗುಟುಕು ಕುಡಿ, ಸಿಹಿ ಸರಿಯಾಗಿದೆಯಾ ನೋಡು."

ಕುಡಿದೆ. ಅಷ್ಟಕ್ಕೇ ಬಿಟ್ಟರಾ? ಜಾಹೀರಾತು ಮುಗಿಯೋವರೆಗೂ ನನ್ನ ಮುಖವನ್ನೇ ನೋಡುತ್ತಾ ಕೂತರು. ಒಂದು ಬಿಕ್ಕಳಿಕೆ ಬಂದಿದ್ದರೂ ನನ್ನ ಕಥೆ ಮುಗಿದಿತ್ತು. ಅಷ್ಟರಲ್ಲಿ ಪಾಯಸ ಆರಿ ಕೆನೆಗಟ್ಟಿತ್ತು. "ತಣ್ಣಗಾಯ್ತಲ್ಲೇ, ಬಿಸಿ ಮಾಡ್ಕೊಂಡು ಬಾ" ಅಂದರು. ಬಿಸಿ ಮಾಡಿ ತಂದರೆ ಮತ್ತೆ ಮೂಸಿದರು! ನಾನು ಒಳಗೆ ಹೋಗಿ ಬಂದೆನಲ್ಲ, ಅದಕ್ಕೆ.

ತಲೆಯ ಕಥೆ ಇದಾದರೆ ಕಾಲಿನದು ಬೇರೆ. ಸಂಜೆ ಆರೂವರೆಗೆ ಸೋಫಾದ ಮೂಲೆ ಹಿಡಿದರೆ ಹತ್ತಕ್ಕೆ ಏಳೋದು. ಪಾದ ಊದಿರುತ್ತೆ. ಮೀನಖಂಡ ಅಲ್ಲಾಡಿದರೆ ತಾನೇ ರಕ್ತ ಮೇಲೆ ಹತ್ತೋದು? ಕಣ್ಣುರಿ ಬೇರೆ. ಖಳನಾಯಕಿ ಬಂದರೆ ಇವರು ರೆಪ್ಪೆ ಮಿಟುಕಿಸೋದನ್ನೇ ಮರೀತಾರೆ, ಕಣ್ಣು ಒಣಗದೆ ಇನ್ನೇನು! "ಜಾಹೀರಾತು ಬಂದಾಗ ಎದ್ದು ನಾಲ್ಕು ಹೆಜ್ಜೆ ನಡೀರಿ ಅಮ್ಮ" ಅಂದರು ಡಾಕ್ಟರು. ಜಾಹೀರಾತಿನ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ಇನ್ನೊಂದು ಧಾರಾವಾಹಿ ಇರುತ್ತೆ ಅಂತ ಪಾಪ ಅವರಿಗೇನು ಗೊತ್ತು? ನಡೆಯೋದು ಹೆಬ್ಬೆರಳು ಮಾತ್ರ, ರಿಮೋಟ್ ಮೇಲೆ.

1987ರಲ್ಲಿ ರಾಮಾಯಣ ಶುರುವಾದಾಗ ನಮ್ಮ ಬೀದಿಗೆಲ್ಲ ಒಂದೇ ಟೀವಿ. ಭಾನುವಾರ ಬೆಳಿಗ್ಗೆ ಚಾಪೆ ಮೇಲೆ ಒತ್ತಿಕೊಂಡು ಕೂರುತ್ತಿದ್ದೆವು. ತಾರಸಿ ಮೇಲೆ ಒಬ್ಬ ಆಂಟೆನಾ ತಿರುಗಿಸುತ್ತಾ "ಬಂತಾ?" ಅಂದರೆ ಕೆಳಗಿದ್ದವರೆಲ್ಲ "ಬಂದಿದ್ದೂ ಹೋಯ್ತು!" ಅಂತ ಕೂಗೋರು. ಕಂತು ಮುಗಿದರೆ ಟೀವಿ ಪೆಟ್ಟಿಗೆಯ ಶಟರ್ ಎಳೆದು ಬೀಗ ಹಾಕೋರು. ಮುಂದಿನ ಭಾನುವಾರದವರೆಗೂ ನಲ್ಲಿ ಹತ್ತಿರ, ಅಂಗಡಿ ಹತ್ತಿರ ಅದೇ ಮಾತು. ಈಗ ಮಾತಿಗೆಲ್ಲಿ ಪುರುಸೊತ್ತು? ಬಾಯಿ ತೆರೆಯೋದರೊಳಗೆ ಮುಂದಿನದರ ಶೀರ್ಷಿಕೆ ಗೀತೆ ಬಂದಿರುತ್ತೆ.

ನಾಳೆ ಸಂಜೆ ನನ್ನ ತಂಗಿ ಮಕ್ಕಳನ್ನು ಕರಕೊಂಡು ಬರುತ್ತಿದ್ದಾಳೆ. ಅತ್ತೆಗೆ ಹೇಳಿದೆ. "ಬರಲಿ ಬಿಡು, ಪಾಪ. ಆದ್ರೆ ನಾಳೆ ಮದುವೆ ಸಂಚಿಕೆ. ತಾಳಿ ಕಟ್ಟೋವರೆಗೂ ಬೆಲ್ ಮಾಡ್ಬೇಡಿ ಅಂತ ಹೇಳು" ಅಂದರು.

ಆ ತಾಳಿ ಹೋದ ವಾರದಿಂದ ಹುಡುಗನ ಕೈಯಲ್ಲೇ ಇದೆ.